ಸದ್ದಿಗಿಂತ ಮೊದಲು ಓಡಿದ ಕುದುರೆ

ಹೆಬ್ಬೆರಳು ಬೆವೆತಿದೆ, ಮೊಬೈಲಿನ ಗಾಜಿನ ಮೇಲೆ ಜಾರುತ್ತದೆ, ಗಡಿಯಾರದ ಸೊನ್ನೆಗಳು ಸಾಲಾಗಿ ನಿಂತಿವೆ, ಒರೆಸಿಕೊ ಛಾಯಾ, ಓಢಣಿಗೆ ಒರೆಸಿಕೊ, ಡೊಳ್ಳು ಕೇಳಿದ ಕೂಡಲೇ ಒತ್ತಬೇಕು — ಜೋಳ ಕೊಯ್ದ ಚಪಳಗಾಂವದ ಹೊಲ ಬೋಳಾಗಿ ಉದ್ದಕ್ಕೆ ಬಿದ್ದಿದೆ, ಆ ತುದಿಗೆ, ಒಂದು ಕಿಲೋಮೀಟರು ಆಚೆ, ಕುದುರೆಗಳು ಅಲಸಂದಿ ಕಾಳಿನಷ್ಟೇ ಕಾಣುತ್ತವೆ, ಅವುಗಳಲ್ಲಿ ಒಂದು ಝುಳೂಕ, ಅದರ ಬೆನ್ನ ಮೇಲೆ ನನ್ನ ತಮ್ಮ ರೇವಣ್ಣ, ಆ ಕುದುರೆಗಳ ಪಕ್ಕದಲ್ಲಿ ಯಾರೋ ಗೂಟ ಹೊಡೆಯುತ್ತಿದ್ದಾನೆ, ಸುತ್ತಿಗೆ ಇಳಿಯಿತು, ಸದ್ದಿಲ್ಲ, ಮತ್ತೆ ಮೇಲೆದ್ದಿತು, ಆಗ ಠಣ್ — ಇಳಿಯಿತು, ಸದ್ದಿಲ್ಲ, ಎದ್ದಿತು, ಠಣ್ — ಇದೇನಿದು, ಏಟಿಗೂ ಸದ್ದಿಗೂ ನಡುವೆ ಇಷ್ಟು ಬಯಲು, ಸಾಲಿಯಲ್ಲಿ ಮರಾಠಿಯಲ್ಲಿ ಬಾಯಿಪಾಠ ಮಾಡಿದ್ದೆನಲ್ಲ, ಮಿಂಚು ಮೊದಲು, ಗುಡುಗು ಆಮೇಲೆ, ಸದ್ದಿಗೂ ದಾರಿ ನಡೆಯಬೇಕು, ಕಿಲೋಮೀಟರಿಗೆ ಮೂರು ಸೆಕೆಂಡು, ಹಾಗಾದರೆ ಡೊಳ್ಳಿನ ಸದ್ದೂ — ಅಯ್ಯೋ, ಡೊಳ್ಳಿನ ಸದ್ದೂ ನಡೆದೇ ಬರುತ್ತದೆ, ಅದು ಬರುವಷ್ಟರಲ್ಲಿ ಕುದುರೆ ಮೂರು ಸೆಕೆಂಡು ಓಡಿರುತ್ತದೆ, ನನ್ನ ಗಡಿಯಾರ ಮಾತ್ರ ಸೊನ್ನೆಯಲ್ಲೇ ನಿಂತಿರುತ್ತದೆ.

ಬೆಳೆ ನಿಂತಿದ್ದ ದಿನಗಳಲ್ಲಿ ಓಟವೆಲ್ಲ ಮಂದ್ರೂಪದ ಮಾಳದ ಮೇಲೆ, ಸುತ್ತು ಹಾಕಿ ಬಿಟ್ಟಲ್ಲಿಗೇ ಬಂದು ಮುಟ್ಟುವ ಓಟ, ನಾನು ಖಂಡಪ್ಪ ಮಾಮಾನ ಡೊಳ್ಳಿನ ಮಗ್ಗುಲಲ್ಲೇ ನಿಂತು ಒತ್ತುತ್ತಿದ್ದೆ, ಬಡಿತವೂ ಸದ್ದೂ ಒಂದೇ ಆಗಿದ್ದವು, ಹಿಮ್ಮಡಿ ಊರಿ ನೆಲದ ಹದ ನೋಡುತ್ತಿದ್ದೆ, ಹಿಮ್ಮಡಿ ಎಷ್ಟು ಇಳಿಯಿತೋ ಅಷ್ಟು ಓಟದ ಹೊತ್ತಿನಲ್ಲಿ ಕಳೆ, ಮೇಲೆ ಕೂತವನ ತೂಕಕ್ಕೆ ಇನ್ನಿಷ್ಟು ಕಳೆ, ದೂರಕ್ಕೆ ಭಾಗಿಸು, ಕೊನೆಗೊಂದು ನಂಬರು, ಕುದುರೆಯ ಕಸುವು ನೂರಕ್ಕೆ ಎಷ್ಟು ಎಂದು, ಝುಳೂಕಳಿಗೆ ಎಂಬತ್ತೆಂಟು — ಸುಗ್ಗಿ ಮುಗಿದು ಹೊಲ ತೆರೆದವು, ಓಟ ನೇರವಾಯಿತು, ಡೊಳ್ಳು ಆ ತುದಿಗೆ, ನಾನು ಈ ತುದಿಗೆ, ಆಗಲೂ ಎಂಬತ್ತೆಂಟು, ನೋಡ್ರಿ ಮಾಲಕ್ರಿ, ಕೂದಲೆಳೆಯಷ್ಟೂ ಇಳಿದಿಲ್ಲ ಎಂದು ನಾನೇ ಕುಣಿದಿದ್ದೆ, ಇಳಿದಿತ್ತು, ಮೂರು ಸೆಕೆಂಡು ಇಳಿದಿತ್ತು, ಆ ಇಳಿತವನ್ನು ಬಯಲು ನುಂಗಿ ನನ್ನ ಕೈಗೆ ಹಳೆಯ ನಂಬರನ್ನೇ ಇಟ್ಟಿತ್ತು — ರೇವಣ್ಣ ಹೇಳಿದ್ದ, ಅಂಗಳದಲ್ಲಿ ಕೂತು ಮೇವು ಹಾಕುತ್ತ ಹೇಳಿದ್ದ, ಅಕ್ಕಾ, ಕುದುರಿ ಬದಲಾಗೇತಿ, ಬಲಗಾಲ ಊರೂಮುಂದ ಅದರ ಎದಿ ನಡಗತೈತಿ, ನನ್ನ ತೊಡಿಗಿ ತಿಳೀತೈತಿ, ನಾನು ನಕ್ಕೆ, ನಿನ್ನ ತೊಡಿ ಏನ ಗಡಿಯಾರ ಐತೇನೋ, ನಂಬರ ನೋಡು, ಅಂಜಿಕಿ ಬಂದದ್ದು ನಿನಗ, ಕುದುರಿಗಲ್ಲ — ಮಾಲಕ ಅಮೃತಪ್ಪನ ಮುಂದೆ ಅವನು ಒಲ್ಲೆನೆಂದಾಗ ಅಮೃತಪ್ಪ ಗಲ್ಲ ಹಿಂಡಿ, ಲೇ, ನಿಮ್ಮಕ್ಕ ಎಂಬತ್ತೆಂಟ ಅಂತಾಳ, ನಿನ್ನ ಕುಂಡಿ ಯಾಕ ನಡಗತೈತಿ, ಏರು — ಅಮೃತಪ್ಪನ ಅಪ್ಪನ ಕಾಲಕ್ಕೆ ಕುದುರೆಯ ಮೈಮೇಲಿನ ಸುಳಿ ನೋಡಿ ಕೂಲಿಯವನನ್ನು ಮೇಲೆ ಹತ್ತಿಸುತ್ತಿದ್ದರು, ಸುಳಿ ಸುಳ್ಳು, ಲೆಕ್ಕ ನಿಜ ಎಂದು ನಾನು ಊರೆದುರು ಜಗಳ ಮಾಡಿದ್ದೆ, ಗೆದ್ದೆ, ಏನು ಗೆದ್ದೆ, ಸುಳಿಯ ಜಾಗಕ್ಕೆ ನನ್ನ ನಂಬರು ಬಂತು, ಹತ್ತುವವನು ಮಾತ್ರ ಅವನೇ ಉಳಿದ, ಕುರಿ ಕಾಯುವವರ ಮನೆಯವನು, ಮೈಕಿನಲ್ಲಿ ಕುದುರೆಯ ಹೆಸರು ಕೂಗುತ್ತಾರೆ, ಮಾಲಕನ ಹೆಸರು, ಮಾಲಕನ ಅಪ್ಪನ ಹೆಸರು, ಬೆನ್ನ ಮೇಲೆ ಕೂತವನಿಗೆ ಹೆಸರಿಲ್ಲ, ಹೋದ ವರ್ಷ ಅಮೃತಪ್ಪನ ಕುದುರೆ ಏರುತ್ತಿದ್ದ ಸೋಮು ಬಿದ್ದಾಗ ಮೈಕು ಕೂಗಿತ್ತು, ಕುದುರಿಗಿ ಏನೂ ಆಗಿಲ್ರಿ, ಕುದುರಿ ಸುಖರೂಪ ಐತ್ರಿ, ಎಲ್ಲರೂ ಚಪ್ಪಾಳೆ ತಟ್ಟಿದರು, ಸೋಮು ಈಗ ಹೊಸ್ತಿಲ ಮೇಲೆ ಕೂತಿರುತ್ತಾನೆ, ಅವನವ್ವ ಗಂಜಿ ಕುಡಿಸಿ ಬಾಯಿ ಒರೆಸುತ್ತಾಳೆ — ಇಂದಿನ ಓಟದಲ್ಲಿ ಹನ್ನೆರಡು ಕುದುರೆ, ಝುಳೂಕಳನ್ನು ಮುಂದೆ ತರಲು ಚಾಬೂಕಿನಿಂದ ಹೊಡೆಯಲೇಬೇಕು, ಹೊಡೆದರೆ ಬಲಗಾಲು, ಬಲಗಾಲು ಮಡಚಿದರೆ ಹಿಂದೆ ಹನ್ನೊಂದು ಕುದುರೆಯ ಗೊರಸು, ಮುಂದೆ ಬಿದ್ದವನು ಮೇಲೇಳುವುದಿಲ್ಲ, ಕಣ್ಣೊಳಗೆ ಆ ಸುತ್ತಿಗೆಯಂತೆಯೇ ಮಾಮಾನ ತೋಳು, ಭಂಡಾರದ ಅರಿಶಿನ ಬಳಿದ ಹಳದಿ ತೋಳು ಇಳಿಯುತ್ತದೆ, ಸದ್ದಿಲ್ಲ.

ಫೋನು ಮಾಡು, ರೇವಣ್ಣನಿಗೆ — ಅವನ ಫೋನು ನನ್ನ ಚೀಲದಲ್ಲೇ ಗುಂಯ್ಗುಟ್ಟುತ್ತದೆ, ಬೀಳತೈತಿ, ಇಟ್ಕೊ ಅಕ್ಕಾ ಎಂದು ಕೊಟ್ಟು ಹೋಗಿದ್ದನಲ್ಲ, ಮಾಮಾನಿಗೆ — ಕೊರಳಿಗೆ ಬಿರೋಬ ದೇವರ ಡೊಳ್ಳು ಬಿದ್ದ ಮೇಲೆ ಮಾಮಾ ಚಪ್ಪಲಿ ಮೆಟ್ಟುವುದಿಲ್ಲ, ಫೋನು ಮುಟ್ಟುವುದಿಲ್ಲ — ಮಾಲಕ್ರಿ, ಮಾಲಕ್ರಿ, ನಂಬರ ತಪ್ಪೈತ್ರಿ, ಕುದುರಿ ಕಾಲ ಹೋಗೇತ್ರಿ, ನಿಂದರಸ್ರಿ, ಅಮೃತಪ್ಪ ಕುರ್ಚಿಯಿಂದ ಏಳಲಿಲ್ಲ, ಈಗೇನ ಹಚ್ಚಿದಿ ಪೋರೀ, ಉಂಡಿಲ್ಲೇನ, ಡೊಳ್ಳಿನ ಸದ್ದ ತಡಾ ಆಗಿ ಬರತೈತ್ರಿ, ಮೂರು ಸೆಕೆಂಡ ನಡದು ಬರತೈತಿ, ನಾ ಅದನ್ನ ಲೆಕ್ಕಕ್ಕ ಹಿಡದಿಲ್ರಿ ಎಂದೆ, ಅಮೃತಪ್ಪ ಪಕ್ಕದವರತ್ತ ತಿರುಗಿದ, ಕೇಳ್ರೋ, ಸದ್ದ ನಡಕೊಂತ ಬರತೈತಂತ, ಹಾದ್ಯಾಗ ಚಾ ಕುಡದು ಬರತೈತೇನವ್ವಾ, ಸುತ್ತಲಿನವರೆಲ್ಲ ನಗುತ್ತಾರೆ, ಕಡಲೆ ಸಿಪ್ಪೆ ಉಗುಳುತ್ತಾರೆ, ರೇವಣ್ಯಾ ನನಗ ಮಗನಂಗ ಅದಾನ, ಬಿದ್ರ ನಾ ಇಲ್ಲೇನು ಎಂದ ಅಮೃತಪ್ಪ — ಸೋಮುವಿಗೂ ಇದನ್ನೇ ಹೇಳಿದ್ದೆಯಲ್ಲ ಎಂದು ಕೇಳಲೂ ಹೊತ್ತಿಲ್ಲ, ಓಡು, ಕೂಳೆ ಕಾಲಿಗೆ ಚುಚ್ಚುತ್ತದೆ, ಒಂದು ಕಿಲೋಮೀಟರು ಓಡಲಾರೆ, ನನ್ನ ಕೂಗೂ ನಡೆದೇ ಹೋಗಬೇಕು, ಗಾಳಿ ಎದುರಿಗಿದೆ, ಕಣ್ಣಿಗೆ ಬೀಳುವಂಥದ್ದು ಬೇಕು, ಓಢಣಿ, ಹೌದು, ಓಢಣಿ ಎಳೆದು ತಲೆಯ ಮೇಲೆ ಬೀಸಿದೆ, ಬ್ಯಾಡ ರೇವಣ್ಣಾ, ಇಳಿಯೋ, ಇಳಿಯೋ, ಎರಡೂ ಕೈಯಿಂದ ಬೀಸಿದೆ, ನೋಡಿದರು, ಕಂಡಿತು, ಗೂಟದವನು ಸುತ್ತಿಗೆ ಬಿಸುಟು ಬದಿಗೆ ಸರಿದ, ದೇವರೇ ನಿಂತಿತು ಎಂದುಕೊಂಡೆ — ಕಾಳಿನಂಥ ಕುದುರೆಗಳು ಸಾಲಾದವು, ಯಾಕೆ ಸಾಲಾದವು, ಹಿಂದಿನಿಂದ ಅಮೃತಪ್ಪನ ದನಿ, ಹಾಂ ಛಾಯಾ, ಬರೋಬ್ಬರ್, ಈ ತುದಿಯಿಂದ ಅರಿಬಿ ಬೀಸಿದ್ರ ಹಾದಿ ಮೋಕಳಾ ಐತಿ, ಖಾಲಿ ಐತಿ, ಕುದುರಿ ಬಿಡ್ರಿ ಅಂತ ಅರ್ಥ, ಝೆಂಡಾ ಬೀಸಾಂವ ಬರೂದ್ರಾಗ ನೀನಽ ತೋರ್ಸಿದಿ, ಗಡಿಯಾರ ಹಿಡಿ ಈಗ — ಆ ಝೆಂಡಾ ಹೇಗೆ ಮರೆತೆ, ಓಢಣಿ ಕೈಯಲ್ಲೇ ಇದೆ, ಕೆಳಗಿಳಿಸಿದರೂ ಅವರಿಗೆ ಬೇರೆ ಅರ್ಥವಿಲ್ಲ, ಅಗೋ ಮಾಮಾ, ಹಳದಿ ತೋಳು ಮೇಲೆದ್ದಿದೆ, ಬೇಡ ಮಾಮಾ, ಅಲ್ಲೇ ಇರಲಿ, ಇಳಿಯಿತು, ಸದ್ದಿಲ್ಲ, ನನ್ನ ಸುತ್ತ ಎಲ್ಲರೂ ಇನ್ನೂ ನಗುತ್ತಿದ್ದಾರೆ, ಡೊಳ್ಳಿಗಾಗಿ ಕಿವಿ ಕೊಟ್ಟಿದ್ದಾರೆ, ಅವರ ಪಾಲಿಗೆ ಏನೂ ಶುರುವಾಗಿಲ್ಲ, ತೋಳು ಇಳಿದಿದೆ, ಸದ್ದಿಲ್ಲ, ಹಳದಿ ತೋಳು ಇಳಿದಿದೆ, ಸದ್ದಿಲ್ಲ, ತೋಳು —