ಖಾಲಿ ಹೊಟ್ಟೆಯ ಗುಳಿಗೆ

ಗಡಹಿಂಗ್ಲಜದ ಮಂಗಲಾಬಾಯಿಗೆ ತನ್ನ ಹೊಟ್ಟೆ ಕೆಡಿಸುತ್ತಿರುವುದು ಯಾರೆಂದು ಚೆನ್ನಾಗಿ ಗೊತ್ತಿತ್ತು. ಸೊಸೆ ಹರ್ಷದಾ, ಇನ್ನಾರು? ಸಕ್ಕರೆ ಕಾಯಿಲೆಗೆ ಕೊಲ್ಹಾಪುರದ ಡಾಕ್ಟರು ಗುಳಿಗೆ ಹೆಚ್ಚಿಸಿದ ಮೇಲೆಯೇ ಈ ಕಾಟ ಶುರುವಾದದ್ದು ಎಂಬುದು ಬೇರೆ ಮಾತು. ಗುಳಿಗೆಯನ್ನು ಬೈದು ಏನು ಸುಖ? ಅದು ತಿರುಗಿ ಮಾತಾಡುವುದಿಲ್ಲ.

"ಊಟದ ನಡುವ ತಗೋರಿ ಅಂತ ಡಾಕ್ಟರ್ ನನ್ನ ಮುಂದನ ಹೇಳ್ಯಾರ, ಅತ್ಯಾರ," ಎಂದು ಹೇಳಿ ಹೇಳಿ ಹರ್ಷದಾಳ ಬಾಯಿ ಸೋತಿತ್ತು. "ಹಂಗೂ ತಡೀಲಿಲ್ಲಂದ್ರ ಮೆಲ್ಲಕ ಕರಗೂ ಗುಳಿಗಿ ಅದಾವಂತ, ಬದಲಿ ಮಾಡಿ ಕೊಡ್ತಾರ. ಹೋಗೂಣ್ರಿ."

"ಬಸದಿಗಿ ಹೋಗಿ ದರ್ಶನ ಆಗೂತನಾ ನಾ ಬಾಯಾಗ ಒಂದ ಅಗಳ ಹಾಕೂದಿಲ್ಲ. ನಿಮ್ಮ ಡಾಕ್ಟರಿಗೆ ನನ್ನ ನೇಮ ಏನ ಗೊತ್ತು?"

"ಹಂಗಾರ ಗುಳಿಗಿನೂ ದರ್ಶನ ಆದಮ್ಯಾಲನ ತಗೋರಿ."

"ಗುಳಿಗಿ ಅಂದ್ರ ಊಟೇನ? ಔಷಧ ಬರೀ ಹೊಟ್ಟಿಗೆ ಬಿದ್ರನ ನಾಟತೈತಿ. ನನಗ ಕಲಿಸಾಕ ಬರಬ್ಯಾಡ."

ಹೀಗೆ ಬೆಳಗಾಗುತ್ತಲೇ ಬಿಸಿನೀರಿನಲ್ಲಿ ಗುಳಿಗೆ ನುಂಗಿ ಮಂಗಲಾಬಾಯಿ ಬಸದಿಗೆ ಹೊರಡುವಳು. ಅಭಿಷೇಕ ಅರ್ಧಕ್ಕೆ ಬರುವಷ್ಟರಲ್ಲಿ ಹೊಟ್ಟೆ ಗುಡುಗುವುದು. ಸೆರಗು ಬಿಗಿಹಿಡಿದು ಮನೆಗೆ ಓಡುವಳು. ಓಡುವ ಮೊದಲು ಪಕ್ಕದಲ್ಲಿದ್ದ ಉಜ್ವಲಾಳ ಕಿವಿಯಲ್ಲಿ ಒಂದು ಮಾತು ಬಿಟ್ಟೇ ಹೋಗುವಳು: "ನಿನ್ನಿ ಸಂಜಿ ಪಲ್ಯಾದಾಗ ಏನ ಕಲಸಿದ್ಲೋ ನಮ್ಮ ಮಹಾರಾಣಿ!" ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಉಜ್ವಲಾ ನೆರೆಮನೆಯವಳು, ಅವಳ ಕಿವಿಗೆ ಬಿದ್ದ ಮಾತು ಓಣಿಗೆ ಬಿದ್ದಂತೆಯೇ. ಮಳೆಗಾಲ ಹಿಡಿಯುವ ಹೊತ್ತಿಗೆ, ಸೊಸೆ ಅತ್ತೆಗೆ ಏನೋ ಹಾಕುತ್ತಾಳೆಂದು ಬಸದಿಯ ಹೆಂಗಸರೆಲ್ಲ ನಂಬಿದ್ದರು. ಹರ್ಷದಾ ಎದುರಾದರೆ ಮಾತು ನಿಲ್ಲಿಸುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು. ಅವಳು ಅತ್ತೆಯನ್ನು ಮನಸಾರೆ ದ್ವೇಷಿಸತೊಡಗಿದ್ದಳು.

ಆ ವರ್ಷ ಚಾತುರ್ಮಾಸಕ್ಕೆ ಮುನಿಮಹಾರಾಜರೊಬ್ಬರು ಊರಲ್ಲಿ ನಿಂತರು. ದಿನಕ್ಕೊಂದೇ ಹೊತ್ತು, ನಿಂತೇ, ಅಂಗೈಯಲ್ಲೇ ಊಟ. ನಡುವೆ ಏನಾದರೂ ಮೈಲಿಗೆಯಾದರೆ ಅಂತರಾಯ, ಮರುದಿನದವರೆಗೆ ಉಪವಾಸ. ಅಂಥವರ ಅಂಗೈಗೆ ಒಂದು ತುತ್ತು ನೀಡಬೇಕೆಂಬುದು ಮಂಗಲಾಬಾಯಿಯ ಬಹಳ ವರ್ಷಗಳ ಆಸೆ. ಹಿಂದೆಲ್ಲ ಬಂದ ಮುನಿಗಳು ಅವಳ ಬಾಗಿಲು ದಾಟಿ ಮುಂದೆ ಹೋಗಿದ್ದರು. ಈ ಸಲ ತಪ್ಪಬಾರದೆಂದು ಹಿಂದಿನ ದಿನ ಪೂರ್ತಿ ಉಪವಾಸ ಮಾಡಿದಳು. ಅಡುಗೆ ಮಾತ್ರ ಸೊಸೆಯೇ ಮಾಡಬೇಕಾಯಿತು, ತನಗೆ ಒಲೆಯ ಮುಂದೆ ನಿಲ್ಲುವ ತ್ರಾಣವಿರಲಿಲ್ಲ. "ನೀಡೂದು ಮಾತ್ರ ನಾನ. ನೀ ಹಿಂದ ನಿಂದರು," ಎಂದು ತಾಕೀತು ಮಾಡಿದಳು. ಬೆಳಿಗ್ಗೆ ಎದ್ದವಳೇ ಎಂದಿನಂತೆ ಗುಳಿಗೆ ನುಂಗಿ, ಸ್ನಾನ ಮಾಡಿ, ಮಡಿ ಸೀರೆ ಉಟ್ಟಳು.

ಮಹಾರಾಜರು ಅವಳ ಬಾಗಿಲಲ್ಲೇ ನಿಂತರು! ಮಂಗಲಾಬಾಯಿಯ ಕಣ್ಣು ತುಂಬಿತು. ಪ್ರದಕ್ಷಿಣೆ ಹಾಕಿ ಒಳಗೆ ಕರೆತಂದು, ಪಾದ ತೊಳೆದು, ಕೈಮುಗಿದು ನಿಂತಳು. ಉಜ್ವಲಾ ಮತ್ತು ಓಣಿಯ ಹೆಂಗಸರು ನಡುಮನೆಯ ತುಂಬ ನೆರೆದಿದ್ದರು. ನೀಡುವವರು ಮೊದಲು ಶುದ್ಧಿ ಹೇಳಬೇಕು. ಹೇಳದೆ ಮುನಿಗಳು ಕೈಯೊಡ್ಡುವುದಿಲ್ಲ.

"ಮನಶುದ್ಧಿ, ವಚನಶುದ್ಧಿ," ಎಂದಳು ಮಂಗಲಾಬಾಯಿ. ಉಜ್ವಲಾ ತಲೆಯೆತ್ತಿ ಅವಳನ್ನೇ ನೋಡಿದಳು. "ಕಾಯಶುದ್ಧಿ..."

ಹೊಟ್ಟೆ ಗುಡುಗಿತು. ಹಲ್ಲು ಕಚ್ಚಿದಳು. ಹಾಳಾದ ಹೊಟ್ಟೆ, ಇದೊಂದು ಗಳಿಗೆ ತಡೆಯಬಾರದೇ? ತಡೆಯಲಿಲ್ಲ. ಇನ್ನು ನಿಂತರೆ ಮಹಾರಾಜರಿಗೆ ಅಂತರಾಯವಾಗುವುದು ಖಂಡಿತ. ಮಂಗಲಾಬಾಯಿ ಹಿತ್ತಲಿಗೆ ಓಡಿದಳು.

ಹಿಂದೆಯೇ ಸೊಸೆಯ ದನಿ ಕೇಳಿಸಿತು, ಒಂದಿಷ್ಟೂ ನಡುಗದ ದನಿ: "ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರಜಲ ಶುದ್ಧ."

ಮಂಗಲಾಬಾಯಿ ಮತ್ತೆ ತಲೆಗೆ ನೀರು ಹೊಯ್ದುಕೊಂಡಳು, ಮತ್ತೆ ಹೊಟ್ಟೆ ಕರೆಯಿತು, ಮತ್ತೆ ನೀರು. ಬಚ್ಚಲಲ್ಲಿ ಕೂತು ಗಳಗಳನೆ ಅತ್ತಳು. ಅಂತೂ ಹಸಿ ಕೂದಲಲ್ಲಿ ಹೊರಬರುವಷ್ಟರಲ್ಲಿ ಜಯಕಾರ ಮುಗಿದಿತ್ತು. ಮಹಾರಾಜರು ತೃಪ್ತಿಯಾಗಿ ಉಂಡು ಹೋಗಿದ್ದರು. ಹೆಂಗಸರು ಹರ್ಷದಾಳನ್ನು ಮುತ್ತಿಕೊಂಡು, "ಭಾಳ ಪುಣ್ಯವಂತಿ," ಎನ್ನುತ್ತಿದ್ದರು.

ಮಂಗಲಾಬಾಯಿಯ ಮೈಯೆಲ್ಲ ಉರಿದುಹೋಯಿತು. "ಏನ ಹಾಕಿದ್ದಿ ನನಗ, ಹೇಳ! ನನ್ನ ಭಾಗ್ಯ ಕಸಗೊಳ್ಳಾಕ ಏನ ಹಾಕಿದ್ದಿ?"

ಹರ್ಷದಾ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. "ನಿನ್ನಿ ಇಡೀ ದಿನ ನೀವು ಉಪಾಸ. ಇವತ್ತ ನಿಮ್ಮ ಹೊಟ್ಟ್ಯಾಗ ಹೋಗಿದ್ದು ಬಿಸಿನೀರು, ಆ ಗುಳಿಗಿ, ಅಷ್ಟ. ನನ್ನ ಕೈ ಅಡಗಿ ಉಂಡಾವ್ರು ಮಹಾರಾಜರೊಬ್ಬರ. ಅವರಿಗೂ ಏನರೇ ಹಾಕೇನಿ ಅಂತೀರೇನ್ರಿ? ಎಲ್ಲಾರೂ ಅದಾರ. ಹೇಳ್ರಿ."

ಹೌದೆಂದರೆ ವಿಷದ ಅಡುಗೆಯೆಂದು ತಿಳಿದೂ ಮುನಿಗಳನ್ನು ಮನೆಗೆ ಕರೆತಂದ ಪಾಪ. ಅಲ್ಲವೆಂದರೆ ಇಷ್ಟು ದಿನ ಊರಿಗೆಲ್ಲ ಹಬ್ಬಿಸಿದ್ದು ಸುಳ್ಳು. ಮಂಗಲಾಬಾಯಿ ಉಜ್ವಲಾಳ ಮುಖ ನೋಡಿದಳು. ಉಜ್ವಲಾ ಚಪ್ಪಲಿ ಹುಡುಕುವವಳಂತೆ ಬಾಗಿಲ ಕಡೆ ತಿರುಗಿದಳು.

"ಇಲ್ಲವಾ, ನೀ ಏನೂ ಹಾಕಿಲ್ಲ," ಎಂದಳು ಮಂಗಲಾಬಾಯಿ.

"ಜೋರಾಗಿ ಹೇಳ್ರಿ. ಬಾಗಲದಾಗ ಇದ್ದಾವ್ರಿಗೆ ಕೇಳಿಸಿಲ್ಲ."

ಹೇಳಿದಳು. ಹೇಳಲೇಬೇಕಾಯಿತು.

ಆ ಸಂಜೆ ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕೂತಾಗ ಮನೆಯಲ್ಲಿ ಇಬ್ಬರೇ. ಅರ್ಧ ಭಾಕ್ರಿ ಮುಗಿಸಿ ಮಂಗಲಾಬಾಯಿ ತಾನಾಗಿಯೇ ಗುಳಿಗೆಗಾಗಿ ಸೊಸೆಯ ಮುಂದೆ ಕೈಚಾಚಿದಳು. ಹರ್ಷದಾ ಅದನ್ನು ಆ ಕೈಗೆ ಹಾಕಲಿಲ್ಲ. ತಾಟಿನ ಪಕ್ಕ, ನೆಲದ ಮೇಲಿಟ್ಟು ಒಳಗೆ ಹೋದಳು.