ಹಬ್ಬಕ್ಕೆ ಬರಿದು ಮಾಡಿದ ಕೊಳ

ಜಯಾಳ ಬಲಗಾಲಿಗೆ ಪೋಲಿಯೋ ಬಂದಾಗ ಅವಳಿಗೆ ಎರಡು ವರ್ಷ. ಒಂಬತ್ತು ತುಂಬಿದಾಗ ಡಾಕ್ಟರು, "ದಿನಾ ನೀರಲ್ಲಿ ಕಾಲಾಡಿಸಬೇಕು. ಇನ್ನೆರಡು ವರ್ಷ ಹೀಗೇ ಬಿಟ್ರೆ ಮಂಡಿ ಮಡಿಸಿದ ಹಾಗೇ ನಿಂತುಬಿಡುತ್ತೆ" ಅಂದರು. ದಿನವೂ ಕರೆದೊಯ್ಯಲು ಹತ್ತಿರದಲ್ಲೆಲ್ಲೂ ಈಜುಕೊಳವಿರಲಿಲ್ಲ. ಜೆ.ಪಿ. ನಗರದ ನಮ್ಮ ಮನೆಯ ಹಿತ್ತಲು ದೊಡ್ಡದು, ಪುಟ್ಟೇನಹಳ್ಳಿ ಕೆರೆಯ ಕಡೆಗೆ ಇಳಿಜಾರು. ಅಲ್ಲೇ ಒಂದು ಸಣ್ಣ ಕೊಳ ಕಟ್ಟಿಸುವುದೆಂದಾಯಿತು. ಎಂಬತ್ತಮೂರನೆಯ ಇಸವಿ ಅದು.

ನನ್ನ ಗಂಡ ಬದರಿನಾಥರು ಕಂಪನಿ ಕೆಲಸದ ಮೇಲೆ ತಿಂಗಳಿಗೆ ಇಪ್ಪತ್ತು ದಿನ ಊರಲ್ಲಿರುತ್ತಿರಲಿಲ್ಲ. "ಮನೆ ಕಟ್ಟಿಸಿದೋಳು ನೀನೇ, ಇದನ್ನೂ ನೀನೇ ನೋಡ್ಕೋ" ಎಂದು ರೈಲು ಹತ್ತಿದರು. ಆ ಮಾತು ನನಗೆ ಹಿತವಾಗಿತ್ತು.

ಜಯನಗರದ ಎಂಜಿನಿಯರೊಬ್ಬರು ನಕ್ಷೆ ಬರೆದು ಅರವತ್ತು ಸಾವಿರದ ಎಸ್ಟಿಮೇಟ್ ಕೊಟ್ಟರು. ನಮ್ಮ ಮನೆಯ ಸಂಪು ಕಟ್ಟಿದ್ದ ಹುಳಿಮಾವಿನ ಹನುಮಯ್ಯ ಅದೇ ನಕ್ಷೆ ನೋಡಿ ನಲವತ್ತಕ್ಕೆ ಒಪ್ಪಿದ. ನಾನು ಅದರಲ್ಲೂ ಕಡಿಮೆ ಮಾಡಿಸಿದೆ. ನೀಲಿ ಟೈಲ್ಸ್ ಬೇಡ, ಸಿಮೆಂಟು ಸಾರಿಸಿದರೆ ಸಾಕು ಅಂದೆ. ನಕ್ಷೆಯಲ್ಲಿ ಕೊಳದ ಕೆಳಗೆ ಜಲ್ಲಿಯ ಹಾಸು, ತಳದಲ್ಲೊಂದು ವಾಲ್ವು ಇತ್ತು. ಅದು ಯಾಕೆಂದು ಕೇಳಿದೆ.

"ಮಳೆ ಹಿಡಿದ್ರೆ ಇಲ್ಲಿ ಭೂಮಿ ಒಳಗಿನ ನೀರು ಮೇಲಕ್ಕೇಳ್ತದಮ್ಮ. ಕೊಳ ಖಾಲಿ ಇದ್ರೆ ಕೆಳಗಿಂದ ಒತ್ತಿ ಎತ್ತಾಕ್ಬಿಡ್ತದೆ. ಆ ನೀರಿಗೆ ದಾರಿ ಬಿಡಾಕೆ ಈ ವಾಲ್ವು."

"ಇಷ್ಟು ಸಿಮೆಂಟು, ಕಬ್ಬಿಣ ತೇಲುತ್ತಾ ಹನುಮಯ್ಯ?"

"ಹಡಗು ತೇಲಕ್ಕಿಲ್ವಾ?"

"ನೀರು ತುಂಬಿದ್ರೆ?"

"ಆವಾಗ ಭಾರಕ್ಕೆ ಕೂತಿರ್ತದೆ."

"ಹಾಗಾದ್ರೆ ಖಾಲಿ ಮಾಡೋದೇ ಬೇಡ. ಅದನ್ನ ಬಿಟ್ಬಿಡಿ."

ಅವನು ತಲೆ ಕೆರೆದುಕೊಂಡ. "ನಿಮ್ಮಿಷ್ಟ. ಮಳೆಗಾಲದಾಗೆ ಮಾತ್ರ ಖಾಲಿ ಮಾಡಿಸ್ಬೇಡಿ. ಗ್ಯಾಪ್ಕ ಇಟ್ಕಳಿ."

ಗಂಡ ಬಂದಾಗ ಉಳಿದ ಹಣವೆಷ್ಟೆಂದು ಹೇಳಿದೆನೇ ಹೊರತು ಹೇಗೆ ಉಳಿಯಿತೆಂದು ಹೇಳಲಿಲ್ಲ. ಅವರು ತಮ್ಮ ತಾಯಿಯ ಎದುರಿಗೇ, "ನಮ್ಮ ಭಾಮಾ ಎಂಜಿನಿಯರ್ ಆಗ್ಬೇಕಿತ್ತು" ಎಂದರು. ಅತ್ತೆ ಅಮ್ಮಣ್ಣಿಯವರು ಸುಮ್ಮನಿದ್ದರು. ಹದಿನಾಲ್ಕು ವರ್ಷದ ಸಂಸಾರದಲ್ಲಿ ನನ್ನ ವಿಷಯಕ್ಕೆ ಅವರು ಸುಮ್ಮನಿದ್ದದ್ದು ಅದೇ ಮೊದಲು.

ಸೆಪ್ಟೆಂಬರಿನಲ್ಲಿ ಟ್ಯಾಂಕರ್ ನೀರು ತುಂಬಿಸಿದೆವು. ಜಯಾ ಕಂಬಿ ಹಿಡಿದು ದಿನಾ ಕಾಲಾಡಿಸಿದಳು. ಐದನೆಯ ವಾರಕ್ಕೆ ಮಂಡಿ ಒಂದಿಷ್ಟು ಸಡಿಲವಾಯಿತು. ಅಂದು ನಾನು ಬಚ್ಚಲಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ದೀಪಾವಳಿಗೆ ನಾಲ್ಕು ದಿನವಿದ್ದಾಗ ಮಳೆ ಹಿಡಿಯಿತು. ನೀರು ತುಂಬುವ ಹಬ್ಬದ ದಿನ ಹಂಡೆ, ಬಿಂದಿಗೆಗಳನ್ನೆಲ್ಲ ಬರಿದು ಮಾಡಿ, ಹುಣಸೆಹಣ್ಣಿನಲ್ಲಿ ತಿಕ್ಕಿ, ಸಂಜೆ ಹೊಸ ನೀರು ತುಂಬುವುದು ಪದ್ಧತಿ. ಬೆಳಿಗ್ಗೆ ಮಳೆ ಹೊಳವಾದಾಗ ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ಕೊಳ ನೋಡಿದರು.

"ಅದಕ್ಕೂ ಹೊಸ ನೀರಾಗ್ಬೇಕು."

"ಅದೇನು ಹಂಡೆನಾ ಅತ್ತೆ?"

"ಆ ಮುನಿವೆಂಕಟಮ್ಮ ಮೊನ್ನೆ ತನ್ನ ಮಗೂ ಬಟ್ಟೆ ಅದ್ರಲ್ಲೇ ಜಾಲಿಸಿದ್ಲು, ಕಣ್ಣಾರೆ ನೋಡ್ದೆ. ಹಬ್ಬದಲ್ಲಿ ನನ್ನ ಮೊಮ್ಮಗಳು ಆ ನೀರಿಗೆ ಇಳೀಬೇಕಾ?"

ಮುನಿವೆಂಕಟಮ್ಮ ಹನುಮಯ್ಯನ ಜೊತೆ ಕೂಲಿಗೆ ಬಂದವಳು. ಕೆಲಸ ಮುಗಿದ ಮೇಲೂ ಹಿತ್ತಲು ಗುಡಿಸಲು ಬರುತ್ತಿದ್ದಳು.

ವಾಲ್ವು ಇಲ್ಲ, ಬರಿದು ಮಾಡಬಾರದು ಎಂದರೆ ಮುಗಿಯುತ್ತಿತ್ತು. ಆದರೆ ಯಾಕಿಲ್ಲ ಎಂದು ಕೇಳುತ್ತಿದ್ದರು. ಗಂಡ ಅಲ್ಲೇ ನಡುಮನೆಯಲ್ಲಿ ಪೇಪರು ಓದುತ್ತಿದ್ದರು. ಅರ್ಧ ದಿನದ ಮಾತು ತಾನೆ, ಸಂಜೆಗೆ ತುಂಬಿಬಿಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಪಂಪು ಹಾಕಿಸಿದೆ.

ಹನ್ನೊಂದರ ಹೊತ್ತಿಗೆ ತಳ ಕಂಡಿತು. ಮುನಿವೆಂಕಟಮ್ಮ ಪಾಚಿ ಉಜ್ಜಿ ಮೇಲೆ ಬಂದಳು. ಜಯಾ ಕಾಲಿಗೆ ಆಸರೆಯಾಗಿ ಕಟ್ಟುವ ಕಬ್ಬಿಣದ ಕ್ಯಾಲಿಪರ್ ಬಿಚ್ಚಿಟ್ಟು, ಮೆಟ್ಟಿಲ ಮೇಲೆ ಕೂತುಕೊಂಡೇ ಕೆಳಗಿಳಿದು, ತಳದ ನಡುವೆ ರಂಗೋಲಿ ಹಾಕತೊಡಗಿದಳು.

"ಸಂಜೆ ನೀರು ಬಿಟ್ರೆ ಅಳಿಸಿಹೋಗುತ್ತಲ್ಲೇ."

"ಗಂಗಮ್ಮ ನೋಡ್ಕೊಂಡು ಅಳಿಸ್ಕೊಳ್ಲಿ ಬಿಡಮ್ಮ."

ಮುನಿವೆಂಕಟಮ್ಮ ನನ್ನ ತೋಳು ಮುಟ್ಟಿದಳು. ಎಂದೂ ಹಾಗೆ ಮುಟ್ಟಿದವಳಲ್ಲ. "ಅಮ್ಮ, ಇಲ್ ನೋಡಿ."

ಕೊಳದ ಅಂಚಿಗೂ ಸುತ್ತಲ ಕಲ್ಲುಹಾಸಿಗೂ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ನೋಡುತ್ತಿದ್ದಂತೆ ಅಲ್ಲಿಂದ ಕೆಸರುನೀರು ಉಕ್ಕಿತು. ಕೆಳಗೆಲ್ಲೋ ಭಾರದ ಕಬ್ಬಿಣದ ಪೆಟ್ಟಿಗೆ ಎಳೆದಂಥ ಸದ್ದು.

"ಅಮ್ಮ, ನೆಲ ಅಲ್ಲಾಡ್ತಿದೆ" ಎಂದಳು ಜಯಾ.

ಅದೇನೆಂದು ಗೊತ್ತಿದ್ದವಳು ನಾನೊಬ್ಬಳೇ. ಆದರೆ ನನ್ನ ಕಾಲು ಏಳಲಿಲ್ಲ. ಏನೂ ಗೊತ್ತಿಲ್ಲದ ಮುನಿವೆಂಕಟಮ್ಮ ಅಷ್ಟರಲ್ಲಿ ಇಳಿದು, ಜಯಾಳನ್ನು ಸೊಂಟಕ್ಕೇರಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಅವಳು ಮೇಲೆ ಕಾಲಿಟ್ಟಳೋ ಇಲ್ಲವೋ, ತಳ ಉದ್ದಕ್ಕೆ ಸೀಳಿತು. ಕೆರೆಯ ಕಡೆಯ ಮೂಲೆ ಒಂದು ಗೇಣು ಮೇಲೆದ್ದು ನಿಂತಿತು.

ಸದ್ದಿಗೆ ಗಂಡ, ಅತ್ತೆ ಇಬ್ಬರೂ ಓಡಿಬಂದರು.

"ಇವಳು ಮೈಲಿಗೆ ಮಾಡಿದ ನೀರು. ಗಂಗಮ್ಮ ಸುಮ್ನೆ ಬಿಡ್ತಾಳಾ?" ಎಂದರು ಅತ್ತೆ. ಮುನಿವೆಂಕಟಮ್ಮ ಜಯಾಳನ್ನು ಕಟ್ಟೆಯ ಮೇಲೆ ಕೂರಿಸಿ ದೂರ ಸರಿದಳು.

ಗಂಡ ಸೀಳನ್ನೇ ನೋಡುತ್ತಿದ್ದರು. "ಮೈಲಿಗೆ ಅಲ್ಲಮ್ಮ, ಆ ಹನುಮಯ್ಯ. ಕಳ್ಳ. ಏನು ಕದ್ದಿದ್ದಾನೋ. ಇವತ್ತೇ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ. ಏನಂತೀಯ ಭಾಮಾ?"

ಜಯಾ ಚಳಿಗೆ ನಡುಗುತ್ತಿದ್ದಳು. ಅವಳ ಬಲಮಂಡಿ ಆಗಲೇ ಮಡಿಸಿಕೊಂಡಿತ್ತು. ನಾನು ಕೆಳಗೆ ಕುಳಿತು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಅವನು ಹೇಳಿದ್ದ" ಎಂದೆ.

"ಏನಂತ?"

ಮುಖ ಎತ್ತದೆ ನಾನು ಮೊದಲಿನಿಂದ ಹೇಳತೊಡಗಿದೆ. ನೆಲದೊಳಗಿನ ಸದ್ದು ಇನ್ನೂ ನಿಂತಿರಲಿಲ್ಲ.