ತೆರೆಯ ಮರೆಯಿಂದ ಹೇಳಿಕೊಟ್ಟ ಮಾತು

ಲಿಂಗಿ ಕೈ ಹಿಡಿದು ಎಳೆಯುತ್ತಿದ್ದಳು. ಪುಷ್ಪಾ ಮಾತ್ರ ಚಪ್ಪಲಿ ಬಿಡಲು ಒಪ್ಪಲಿಲ್ಲ.

"ಬನ್ನಿ ಟೀಚರ್, ಮಂಚದ ಹತ್ರ ಕೂತ್ಕೊಳ್ಳಿ. ಅಣ್ಣನ ಮುಖ ನೋಡಿ."

"ಇಲ್ಲಿಂದಲೇ ಕಾಣ್ತದೆ ಲಿಂಗಿ. ಅಲ್ಲಿ ನಿಮ್ಮೋರು ಕೂತಿದ್ದಾರೆ."

ಹಟ್ಟಿಯ ನಡುವಿನ ಹುಲ್ಲುಬಯಲಿನಲ್ಲಿ, ಬಟ್ಟೆಯ ಚಪ್ಪರದಡಿ ಮಂಚ ಇಟ್ಟಿದ್ದರು. ಅದರ ಮೇಲೆ ಲಿಂಗಿಯ ಅಣ್ಣ ಗಿರಿಧರನ್. ಊಟಿಯ ಖಾಸಗಿ ಕಾಲೇಜೊಂದರಲ್ಲಿ ಹಳೆಯ ಇಂಗ್ಲಿಷ್ ನಾಟಕಗಳನ್ನು ಪಾಠ ಹೇಳುತ್ತಿದ್ದವರು. ಹಿಂದಿನ ದಿನ ಸ್ಟಾಫ್ ರೂಮಿನಲ್ಲಿ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ. ವಯಸ್ಸು ಐವತ್ತಮೂರು. ಮದುವೆಯಾಗಿರಲಿಲ್ಲ.

ಮಂಚದ ಸುತ್ತ ಬಿಳಿ ಹೊದ್ದ ಹೆಂಗಸರು ಅದರ ಚೌಕಟ್ಟಿಗೆ ಹಣೆ ಆನಿಸಿ ಅಳುತ್ತಿದ್ದರು. ಒಬ್ಬಳು ಅಣ್ಣಾ ಎನ್ನುತ್ತಿದ್ದಳು, ಒಬ್ಬಳು ಮಾವ, ಇನ್ನೊಬ್ಬಳು ಚಿಕ್ಕಪ್ಪ. ಪುಷ್ಪಾಳಿಗೆ ಹಾಗೆ ಕರೆದು ಅಳಲು ಒಂದು ಹೆಸರಿರಲಿಲ್ಲ. ಅವಳು ಅದೇ ಕಾಲೇಜಿನಲ್ಲಿ ಕಾವ್ಯ ಪಾಠ ಮಾಡುವವಳು. ಗೂಡಲೂರಿನಲ್ಲಿ ನೆಲೆಸಿದ, ಮೈಸೂರು ಕಡೆಯ ವ್ಯಾಪಾರಿ ಮನೆತನದ ಹೆಣ್ಣು. ಸಾವಿನ ಮನೆಗೆ ಅವಳು ಕಾಲೇಜಿನ ವ್ಯಾನಿನಲ್ಲಿ, ಕಾಲೇಜಿನ ಹೂಮಾಲೆಯ ಜೊತೆ ಬಂದಿದ್ದಳು.

ಲಿಂಗಿ ದನಿ ತಗ್ಗಿಸಿದಳು. "ಇನ್ನೇನು ದೊಡ್ಡಪ್ಪ ಪಾಪ ಹೇಳೋಕೆ ನಿಲ್ತಾರೆ. ಅಣ್ಣನ ಮೇಲೆ ನಿಮ್ಗೆ ಏನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ ಟೀಚರ್. ಮನಸ್ಸಲ್ಲಿ ಇಟ್ಕೊಂಡು ಕಳಿಸಬಾರ್ದು."

"ನಂಗೇನಿರ್ತದೆ? ಏನಿಲ್ಲ."

ಲಿಂಗಿ ಅವಳ ಮುಖವನ್ನು ಒಂದು ಗಳಿಗೆ ನೋಡಿ, ಕೈ ಬಿಟ್ಟು, ದೊಡ್ಡಪ್ಪ ಹಾಲನ್ ಕೂತಿದ್ದ ಕಡೆ ಹೋದಳು.

ಹಟ್ಟಿಯ ಹಿರಿಯನೊಬ್ಬ ಸತ್ತವರ ಪಾಪಗಳನ್ನು ಒಂದೊಂದಾಗಿ ಹೇಳುವುದು, ನೆರೆದವರೆಲ್ಲ ಒಟ್ಟಾಗಿ 'ಹೋಗಲಿ' ಎನ್ನುವುದು ನೀಲಗಿರಿಯ ಬಡಗರ ಕ್ರಮ. ಗಿರಿಧರನ್ ತಾಯಿ ತೀರಿಕೊಂಡಾಗ ಪುಷ್ಪಾ ಅದನ್ನು ಕೇಳಿದ್ದಳು. ಯಾರು ಸತ್ತರೂ ಪಾಪಗಳು ಹೆಚ್ಚುಕಡಿಮೆ ಅವೇ. ಇವತ್ತು ಅವುಗಳ ಜೊತೆ ಇನ್ನೊಂದನ್ನು ಸೇರಿಸಬೇಕೆಂದು ದಾರಿಯುದ್ದಕ್ಕೂ ಅವಳ ಮನಸ್ಸು ಹಂಬಲಿಸಿತ್ತು. ಅವರು ತನ್ನನ್ನು ಕಾಯಿಸಿದರು ಎಂಬುದನ್ನು ನಾಲ್ಕು ಜನರ ಮುಂದೆ ಒಮ್ಮೆ ಯಾರಾದರೂ ಹೇಳಬೇಕು. ಪಾಪ ಎಂದು ಹೇಳಿದರೂ ಸರಿಯೇ. ಹೇಳದೆ ಚಿತೆಗೆ ಒಯ್ದರೆ ಅಂಥದ್ದೊಂದು ನಡೆದೇ ಇರಲಿಲ್ಲ ಎಂದಾಗುತ್ತದೆ. ಆದರೆ ಕೇಳಿದಾಗ ಬಾಯಿಂದ ಬಂದದ್ದು 'ಏನಿಲ್ಲ'.

ಬಯಲಿನ ಅಂಚಿನಲ್ಲಿ ಇಬ್ಬರು ಹಳೆಯ ವಿದ್ಯಾರ್ಥಿಗಳು ನಿಂತಿದ್ದರು: ವೆಲ್ಲಿಂಗ್ಟನ್ನಿನಲ್ಲಿ ಬೇಕರಿ ಇಟ್ಟಿದ್ದ ನಿರಂಜನ್, ಅರವಂಕಾಡಿನ ಶಾಲೆಯೊಂದರಲ್ಲಿ ಟೀಚರಾಗಿದ್ದ ಈಶ್ವರಿ. ಪುಷ್ಪಾ ಅವರ ಪಕ್ಕ ಹೋಗಿ ನಿಂತಳು.

"ಸಾರ್ ಎರಡು ನಾಟಕ ಪಕ್ಕಪಕ್ಕ ಇಡದೆ ಒಂದನ್ನೂ ಪಾಠ ಮಾಡಿದವರಲ್ಲ ಮೇಡಂ," ಎಂದ ನಿರಂಜನ್. "ದುರಂತದ ರಾಜನೂ ವಿನೋದದ ಮುದುಕನೂ ಮಾಡೋದು ಒಂದೇ ತಪ್ಪು, ಹೆತ್ತ ಮಗಳನ್ನೇ ನಂಬಲ್ಲ, ಒಬ್ಬನಿಗೆ ತಿದ್ಕೊಳ್ಳೋಕೆ ಟೈಮ್ ಸಿಗುತ್ತೆ, ಇನ್ನೊಬ್ಬನಿಗೆ ಸಿಗಲ್ಲ, ವ್ಯತ್ಯಾಸ ಅಷ್ಟೇ ಅಂತಿದ್ರು."

"ಇಷ್ಟು ಗೊತ್ತಿದ್ದೂ ಫೇಲಾದೆಯಲ್ಲೋ," ಎಂದಳು ಈಶ್ವರಿ.

"ನಂಗೂ ಟೈಮ್ ಸಿಗಲಿಲ್ಲ ಕಣೇ."

ಪುಷ್ಪಾ ನಕ್ಕಳು, ನಗು ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಆ ಮಾತಿನ ಮೇಲೆ ಅವಳೂ ಗಿರಿಧರನ್ ಅವರೂ ವರ್ಷಗಟ್ಟಲೆ ಜಗಳವಾಡಿದ್ದರು. ವಿನೋದ ನಾಟಕದ ಕೊನೆಯಲ್ಲಿ ಎಲ್ಲರೂ ಜೋಡಿಯಾಗಿ ಕುಣಿಯುವಾಗ ಒಬ್ಬರು ಮಾತ್ರ ಪಕ್ಕಕ್ಕೆ ಉಳಿದುಬಿಡುತ್ತಾರಲ್ಲ, ಅವರ ವಿಷಯ ಯಾಕೆ ಪಾಠ ಮಾಡಲ್ಲ ಎಂದು ಅವಳು ಕೇಳುತ್ತಿದ್ದಳು. ಪರೀಕ್ಷೆಗೆ ಬರಲ್ಲ ಪುಷ್ಪಾ, ಎನ್ನುತ್ತಿದ್ದರು ಅವರು.

*

ತೊಂಬತ್ತೈದರ ಕಾಲೇಜು ದಿನಾಚರಣೆಗೆ ಗಿರಿಧರನ್ ಎರಡು ಹಳೆಯ ನಾಟಕಗಳಿಂದ ಒಂದೊಂದು ದೃಶ್ಯ ಆರಿಸಿ ಒಂದೇ ಪ್ರಯೋಗವಾಗಿ ಹೊಲಿದಿದ್ದರು. ಒಂದರಲ್ಲಿ ಗಂಡು ಹೆಣ್ಣನ್ನು ಮದುವೆಯಾಗು ಎಂದು ಕೇಳುತ್ತಾನೆ. ಇನ್ನೊಂದರಲ್ಲಿ ಅಂಥದೇ ಗಂಡು, ಅಂಥದೇ ಹೆಣ್ಣು. ಅವನು ಕೇಳಲು ಬರುವ ಹೊತ್ತಿಗೆ ಅವಳು ಹೆಣವಾಗಿರುತ್ತಾಳೆ. ಹುಡುಗಿಯ ಪಾತ್ರ ಈಶ್ವರಿಯದು. ಗಂಡಿನ ಪಾತ್ರದ ಹುಡುಗ ಸೀತಾಳೆ ಸಿಡುಬು ಎದ್ದು ಮಲಗಿದ್ದರಿಂದ ಗಿರಿಧರನ್ ತಾವೇ ವೇಷ ಹಾಕಿದರು. ಪುಷ್ಪಾ ತೆರೆಯ ಮರೆಯಲ್ಲಿ ಪ್ರತಿ ಹಿಡಿದು ನಿಂತಿದ್ದಳು, ಮರೆತವರಿಗೆ ಮಾತು ಹೇಳಿಕೊಡಲು.

ಮೊದಲ ದೃಶ್ಯದಲ್ಲಿ ಅವರು ಈಶ್ವರಿಯ ಮುಂದೆ ಮಂಡಿಯೂರಿದರು. ಮಾತು ಹೊರಡಲಿಲ್ಲ. ತಲೆ ತಿರುಗಿಸಿ ನೇರ ಪುಷ್ಪಾ ನಿಂತಿದ್ದ ಕಡೆ ನೋಡಿದರು. ಸಭೆಯಲ್ಲಿ ಯಾರೋ ಕೆಮ್ಮಿದರು. ಮರೆತುಬಿಟ್ಟರು ಎಂದು ಗಾಬರಿಯಾಗಿ ಪುಷ್ಪಾ ಸಾಲನ್ನು ಪಿಸುದನಿಯಲ್ಲಿ ಹೇಳಿಕೊಟ್ಟಳು. ಅವರು ಒಂದು ಉಸಿರೆಳೆದುಕೊಂಡು, ಹುಡುಗಿಯ ಕಡೆ ತಿರುಗಿ, ಅದನ್ನು ಒಪ್ಪಿಸಿದರು. ಚಪ್ಪಾಳೆ ಬಿತ್ತು.

ಸಂಜೆ ಬಸ್ ಸ್ಟಾಂಡಿಗೆ ಇಳಿಯುವಾಗ ಅವರು ಹೇಳಿದ್ದು ಒಂದೇ ಮಾತು: "ನಾನು ಮರೆತಿರಲಿಲ್ಲ ಪುಷ್ಪಾ."

ಆಮೇಲೆ ಇಬ್ಬರಿಗೂ ಎಲ್ಲ ಗೊತ್ತಿತ್ತು. ಬೇರೆ ಜಾತಿಯ ಹೆಣ್ಣು ಮನೆ ತುಂಬುವುದು ಅವರ ತಾಯಿಗೆ ಬೇಡವಾಗಿತ್ತು. ಅಮ್ಮ ಇರುವ ತನಕ ತಾಳು ಎಂದರು. ತಾಳಿದಳು. ಅಮ್ಮ ಹೋದದ್ದು ಕಳೆದ ವರ್ಷ. ವರ್ಷದ ಸೂತಕ ಮುಗಿಯಲಿ ಎಂದರು. ಅದೂ ಮುಗಿಯಿತು. ಈ ಡಿಸೆಂಬರ್ ರಜೆಯಲ್ಲಿ ಗೂಡಲೂರಿನ ರಿಜಿಸ್ಟ್ರಾರ್ ಕಚೇರಿಗೆ ಹೋಗುವುದೆಂದು ಮಾತಾಗಿತ್ತು. ಈಗ ನವೆಂಬರ್.

*

ಸಾವಿನ ವಾದ್ಯ ನಿಂತಿತು. ಬಿಳಿ ಮುಂಡಾಸು ಸುತ್ತಿದ ಹಾಲನ್ ಮಂಚದ ತಲೆಯ ಬಳಿ ನಿಂತರು. ಹಲ್ಲಿಲ್ಲದ ಬಾಯಿ, ಆದರೆ ದನಿ ಚಹಾ ತೋಟದ ಆಚೆಗೂ ಕೇಳುವಂತಿತ್ತು.

"ನೆರೆಯವನ ಹೊಲದ ಗಡಿಕಲ್ಲು ಸರಿಸಿದ್ದರೆ ಪಾಪ."

"ಹೋಗಲಿ," ಎಂದಿತು ಬಯಲು.

"ಬಾಯಾರಿ ಬಂದವನಿಗೆ ಬಾಗಿಲು ಹಾಕಿದ್ದರೆ ಪಾಪ."

"ಹೋಗಲಿ."

ಪಾಪಗಳು ಒಂದರ ಹಿಂದೊಂದು ಬಂದವು, ಹೋದವು. ಗಿರಿಧರನ್ ಅವುಗಳಲ್ಲಿ ಯಾವುದನ್ನೂ ಮಾಡಿದವರಲ್ಲ. ಎಲ್ಲರ ಜೊತೆ ಪುಷ್ಪಾಳೂ ಹೋಗಲಿ ಎನ್ನುತ್ತಿದ್ದಳು, ಹಾಗೆನ್ನುವುದು ಕಷ್ಟವಾಗಲಿಲ್ಲ. ಕೊನೆಯ ಪಾಪವನ್ನು ಮೂರು ಸಲ ಹೇಳಿ ಮುಗಿಸುವುದು ಈ ಹಟ್ಟಿಯ ರೂಢಿ. ಅದು ಬರಬೇಕಾದ ಕಡೆ ಹಾಲನ್ ಸುಮ್ಮನಾದರು.

ಮಂಜು ಮೇಲೇರಿ ಬರುತ್ತಿತ್ತು. ಜನ ಕಾಲು ಬದಲಿಸಿದರು. ಮುದುಕರಿಗೆ ಮರೆತುಹೋಯಿತು ಎಂದು ಯಾರೋ ಪಿಸುಗುಟ್ಟಿದರು. ಪಕ್ಕದಲ್ಲಿದ್ದ ಗಂಡಸೊಬ್ಬ ಬಾಗಿ ಅವರ ಕಿವಿಗೆ ಮುಂದಿನ ಮಾತು ಹೇಳಿಕೊಡಲು ಹೋದ. ಹಾಲನ್ ಅಂಗೈ ಎತ್ತಿ ಅವನನ್ನು ತಡೆದರು.

ಅವರು ಮರೆತಿಲ್ಲ ಎಂಬುದು ಪುಷ್ಪಾಳಿಗೆ ಗೊತ್ತಾಯಿತು. ಮುದುಕರು ಜನರನ್ನು ದಾಟಿ ತನ್ನ ಕಡೆ ನೋಡುತ್ತಿದ್ದರು. ಲಿಂಗಿಯೂ ಮಂಚದ ಪಕ್ಕದಿಂದ ನೋಡುತ್ತಿದ್ದಳು.

"ಒಬ್ಬಳನ್ನು ಕಾಯೋಕೆ ಬಿಟ್ಟು ಹೊರಟಿದ್ದರೆ," ಎಂದರು ಹಾಲನ್, "ಪಾಪ."

ಬಯಲು ಒಂದು ಗಳಿಗೆ ತಡವರಿಸಿತು. ಆಮೇಲೆ ಹೇಳಿತು: "ಹೋಗಲಿ."

ಪುಷ್ಪಾಳ ತುಟಿ ಅಲುಗಲಿಲ್ಲ. ಈಶ್ವರಿ ಮೆಲ್ಲಗೆ ಅವಳ ಕಡೆ ತಿರುಗಿದಳು. ಗಿರಿಧರನ್ ತನ್ನ ಮುಂದೆ ಮಂಡಿಯೂರಿದ ಆ ದಿನ ಅವಳಿಗೆ ಈಗ ನೆನಪಾಗಿರಬೇಕು. ಪುಷ್ಪಾಳ ಕೈಯಿಂದ ಪರ್ಸನ್ನು ತೆಗೆದುಕೊಂಡಳು.

"ಒಬ್ಬಳನ್ನು ಕಾಯೋಕೆ ಬಿಟ್ಟು ಹೊರಟಿದ್ದರೆ ಪಾಪ."

"ಹೋಗಲಿ."

ಮಂಚದ ಬಳಿ ಲಿಂಗಿ ಪಕ್ಕದವಳ ಮೊಣಕಾಲು ಮುಟ್ಟಿದಳು. ಇಬ್ಬರೂ ಒಂದಿಷ್ಟು ಆಚೀಚೆ ಸರಿದರು. ತಲೆದಿಂಬಿನ ಹತ್ತಿರ, ಚಾಪೆಯ ಮೇಲೆ, ಒಬ್ಬರು ಕೂರುವಷ್ಟು ಜಾಗವಾಯಿತು.

ಪುಷ್ಪಾ ಚಪ್ಪಲಿ ಬಿಟ್ಟಳು. ಒದ್ದೆ ಹುಲ್ಲಿನ ಮೇಲೆ ನಡೆದಳು. ಜನ ದಾರಿ ಬಿಟ್ಟರು. ಹಾಲನ್ ಮೂರನೆಯ ಸಲ ಹೇಳುವ ಮೊದಲು, ಅವಳು ಕೂರುವ ತನಕ ಕಾದರು.

"ಹೋಗಲಿ," ಎಂದಿತು ಬಯಲು ಒಂದೇ ದನಿಯಲ್ಲಿ. ಹೊರುವವರು ಹೆಗಲ ಮೇಲೆ ಟವೆಲ್ ಮಡಿಸಿಕೊಂಡು ಮಂಚದ ನಾಲ್ಕು ಮೂಲೆಗೆ ಬಂದು, ಬಾಗಿ, ಕೈ ಹಾಕಿದರು. ಹಾಕಿ, ಹಾಗೆಯೇ ನಿಂತರು. ಪುಷ್ಪಾ ಹೋಗಲಿ ಎನ್ನದೆ ಬಾಯಿ ಬಿಗಿಹಿಡಿದು ಕೂತಿದ್ದಳು, ಅವಳ ಎರಡೂ ಕೈ ಮಂಚದ ಚೌಕಟ್ಟಿನ ಮೇಲಿದ್ದವು.